ಎಣಿಕೆಗೆ ಸಿಗದವರ ಲೆಕ್ಕ

‘ಕೊರೊನಾ ಬ್ಯಾಚ್’ ಎಂಬ ಬಿರುದನ್ನು ನಮಗೆ ಯಾರೂ ಸಭೆ ಕರೆದು, ಶಾಲು ಹೊದಿಸಿ ಕೊಟ್ಟದ್ದಲ್ಲ. ಅದು ತಾನಾಗಿಯೇ ಬಂದು ಅಂಟಿಕೊಂಡಿತು. ಪರೀಕ್ಷೆ ಬರೆಯದೇ ಪಾಸಾದವರು, ಮೊಬೈಲ್‌ನಲ್ಲಿ ಪಾಠ ಕೇಳಿದವರು, ಕಾಲೇಜಿನ ಮೆಟ್ಟಿಲನ್ನೇ ಸರಿಯಾಗಿ ಹತ್ತದೆ ಪದವಿ ಪಡೆದವರು ಎಂದು ಅಂಕಪಟ್ಟಿಯ ಇಸವಿ ನೋಡಿ ಕಣ್ಣಲ್ಲೇ ನಗುವವರು ಈಗಲೂ ಇದ್ದಾರೆ. ಆ ನಗು ನನಗೆ ಈಗ ಬೇಸರ ತರುವುದಿಲ್ಲ. ಆ ಎರಡು ವರ್ಷಗಳಲ್ಲಿ ನಮ್ಮ ಕಣ್ಣೆದುರೇ ಇಡೀ ಜಗತ್ತು ಒಂದು ದೊಡ್ಡ ಸಂಶೋಧನೆಯಲ್ಲಿ ತೊಡಗಿತ್ತು. ಅದನ್ನು ಹತ್ತಿರದಿಂದ ನೋಡಿದ ಬ್ಯಾಚು ನಮ್ಮದು.

ನಾನು ಅರ್ಥಶಾಸ್ತ್ರ ಓದಿದವಳು. ಊರು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ. ಸುಗ್ಗಿ ಮುಗಿದರೆ ನಮ್ಮೂರಿನ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಹಾಗಾಗಿ ಎಂ.ಎ. ಕೊನೆಯ ವರ್ಷದ ಕಿರುಪ್ರಬಂಧಕ್ಕೆ ನಾನು ವಿಷಯ ಹುಡುಕಿ ಅಲೆಯಬೇಕಾಗಲಿಲ್ಲ. ಗುಳೆ ಹೋದವರ ಮೇಲೆ ಕೋವಿಡ್ ಏನು ಪರಿಣಾಮ ಬೀರಿತು ಎಂದು ಬರೆಯಲು ಕುಳಿತೆ. ಅದಕ್ಕಾಗಿ ಆರೋಗ್ಯ, ಸಮಾಜ, ಪರಿಸರ ಹೀಗೆ ಕೈಗೆ ಸಿಕ್ಕ ವರದಿಗಳನ್ನೆಲ್ಲ ಓದಿದೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಗುತ್ತ ಹೋಯಿತು. ಯಾರನ್ನು ಎಣಿಸಿದರೋ ಅವರಿಗೆ ಏನಾದರೂ ದಕ್ಕಿತು. ಎಣಿಕೆಗೆ ಸಿಗದವರಿಗೆ ಕಷ್ಟವೂ ಉಳಿಯಿತು, ‘ನೀವು ಕಷ್ಟಪಟ್ಟದ್ದಕ್ಕೆ ದಾಖಲೆ ಏನು?’ ಎಂಬ ಪ್ರಶ್ನೆಯೂ ಉಳಿಯಿತು.

ಒಂದರ ಹಿಂದೆ ನಲವತ್ತು

ದಿನಾ ಸಂಜೆ ಟಿ.ವಿ.ಯಲ್ಲಿ ‘ಇಂದು ಇಷ್ಟು ಪ್ರಕರಣ, ಇಷ್ಟು ಸಾವು’ ಎಂದು ಬರುತ್ತಿದ್ದ ಬುಲೆಟಿನ್ ನಿಮಗೂ ನೆನಪಿರಬಹುದು. ಅದು ಸೋಂಕಿತರ ಸಂಖ್ಯೆ ಎಂದೇ ನಾವೆಲ್ಲ ಕೇಳಿಸಿಕೊಳ್ಳುತ್ತಿದ್ದೆವು. ನಿಜವಾಗಿ ಅದು ಪರೀಕ್ಷೆಗೆ ಒಳಗಾಗಿ, ಪಾಸಿಟಿವ್ ಬಂದವರ ಸಂಖ್ಯೆ. ಇವೆರಡರ ನಡುವೆ ಎಷ್ಟು ಅಂತರವಿತ್ತು?

ಇದನ್ನು ತಿಳಿಯಲು ನಡೆದದ್ದು ಸೆರೊ ಸರ್ವೆ. ಸೋಂಕು ಬಂದು ಹೋದವರ ರಕ್ತದಲ್ಲಿ ಪ್ರತಿಕಾಯಗಳು ಉಳಿದಿರುತ್ತವೆ. ಜ್ವರ ಬಂದದ್ದೇ ಗೊತ್ತಾಗದವರ ರಕ್ತವೂ ಇದನ್ನು ಹೇಳಬಲ್ಲದು. ಎಲ್ಲರ ರಕ್ತ ತೆಗೆಯಬೇಕಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತೇವಲ್ಲ, ಹಾಗೆ. ಆದರೆ ಪಾತ್ರೆಯ ಮೇಲಿನ ಅಗುಳನ್ನಷ್ಟೇ ಹಿಸುಕಿದರೆ ತಳದ ಸುದ್ದಿ ತಿಳಿಯುವುದಿಲ್ಲ. ಸೌಟು ಹಾಕಿ ತಿರುವಬೇಕು. ಸಂಖ್ಯಾಶಾಸ್ತ್ರದವರು ಯಾದೃಚ್ಛಿಕ ಮಾದರಿ ಎಂದು ಕರೆಯುವುದು ಈ ತಿರುವುವಿಕೆಯನ್ನೇ.

2020ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ 15 ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಪರೀಕ್ಷಿಸಿತು. ಶೇ 27.3ರಷ್ಟು ಜನರಿಗೆ ಆಗಲೇ ಸೋಂಕು ತಗುಲಿತ್ತು ಅಥವಾ ತಗುಲಿ ಹೋಗಿತ್ತು. ರಾಜ್ಯದ ಜನಸಂಖ್ಯೆಗೆ ಲೆಕ್ಕ ಹಾಕಿದರೆ ಸುಮಾರು 1.93 ಕೋಟಿ ಮಂದಿ. ದೃಢಪಟ್ಟ ಒಂದು ಪ್ರಕರಣದ ಹಿಂದೆ ಸುಮಾರು 40 ಸೋಂಕುಗಳು! ದೇಶ ಮಟ್ಟದಲ್ಲಿ ಐಸಿಎಂಆರ್ ನಡೆಸಿದ ಸಮೀಕ್ಷೆಗಳೂ ಇದೇ ಕತೆ ಹೇಳಿದವು. 2020ರ ಮೇ–ಜೂನ್‌ನಲ್ಲಿ ಶೇ 0.73 ಇದ್ದದ್ದು, 2021ರ ಜೂನ್–ಜುಲೈನ ನಾಲ್ಕನೇ ಸುತ್ತಿನ ಹೊತ್ತಿಗೆ ಶೇ 67.6 ಆಗಿತ್ತು. ಅಷ್ಟರಲ್ಲಿ ಲಸಿಕೆಯೂ ಶುರುವಾಗಿದ್ದರಿಂದ ಅದರ ಪ್ರತಿಕಾಯಗಳೂ ಈ ಲೆಕ್ಕದಲ್ಲಿ ಸೇರಿವೆ.

ಇದಕ್ಕಿಂತ ಸ್ವಾರಸ್ಯದ ಎಣಿಕೆ ನಡೆದದ್ದು ಬೆಂಗಳೂರಿನ ಚರಂಡಿಗಳಲ್ಲಿ. ಸೋಂಕು ತಗುಲಿದವರ ಮಲದಲ್ಲೂ ವೈರಾಣುವಿನ ಅಂಶ ಇರುತ್ತದೆ. ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ವಿಜ್ಞಾನಿಗಳು ನಗರದ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತೆಗೆದು, ಒಮೈಕ್ರಾನ್ ಅಲೆಯ ಏರಿಳಿತವನ್ನು ಗಮನಿಸಿದರು. ಪರೀಕ್ಷೆಗೆ ಯಾರು ಬಂದರು, ಯಾರು ಬರಲಿಲ್ಲ ಎಂಬ ತಕರಾರು ಇಲ್ಲಿಲ್ಲ. ಚರಂಡಿಗೆ ಎಪಿಎಲ್, ಬಿಪಿಎಲ್ ಭೇದ ಗೊತ್ತಿಲ್ಲ. ಆದರೆ ಒಳಚರಂಡಿಯೇ ಇಲ್ಲದ ನಮ್ಮಂಥ ಊರುಗಳು ಈ ಲೆಕ್ಕದಲ್ಲೂ ಹೊರಗೇ ಉಳಿಯುತ್ತವೆ ಎಂಬುದನ್ನು ಮರೆಯಬಾರದು.

ಕಾರಣ ಬರೆಯದ ಸಾವು

2021ರ ಮೇ ತಿಂಗಳಲ್ಲಿ ನಮ್ಮ ಕಾಕಾ ತೀರಿಕೊಂಡರು. ನಾಲ್ಕು ದಿನ ಜ್ವರ, ಐದನೇ ದಿನ ಉಸಿರಾಟದ ತೊಂದರೆ. ವಾಹನ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಂಟಲು ದ್ರವದ ಪರೀಕ್ಷೆ ಆಗಿರಲಿಲ್ಲ. ಮುಂದೆ ಸುಪ್ರೀಂ ಕೋರ್ಟ್‌ನ ನಿರ್ದೇಶನದಂತೆ ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50 ಸಾವಿರ ರೂಪಾಯಿ ಪರಿಹಾರ ಎಂದಾಯಿತು. ಚಿಗವ್ವ ಮರಣ ಪ್ರಮಾಣಪತ್ರ ಹಿಡಿದುಕೊಂಡು ಕಚೇರಿಗೆ ಹೋದಳು. ಅದರಲ್ಲಿ ದಿನಾಂಕ ಇತ್ತು, ಊರಿನ ಹೆಸರಿತ್ತು, ಕಾರಣ ಇರಲಿಲ್ಲ. ‘ಪಾಸಿಟಿವ್ ರಿಪೋರ್ಟ್ ಎಲ್ಲಿ?’ ಎಂದರು. ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಡುವ ದಾರಿ ಇತ್ತು ನಿಜ, ಅಲ್ಲೂ ಚಿಕಿತ್ಸೆಯ ಕಾಗದ ಬೇಕು. ಚಿಕಿತ್ಸೆಯೇ ಸಿಗದವರು ಯಾವ ಕಾಗದ ತರಬೇಕು? ಅವರ ಮಗ, ನನ್ನ ತಮ್ಮ, ಆ ವರ್ಷ ಪಿಯುಸಿ ಬಿಟ್ಟು ಗಾರೆ ಕೆಲಸಕ್ಕೆ ಹೋದ.

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. ಭಾರತದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇ 22.5ರಷ್ಟನ್ನು ಮಾತ್ರ. ಉಳಿದವರೆಲ್ಲ ‘ಸತ್ತರು’ ಅಷ್ಟೇ. ಹೀಗಿರುವಾಗ ಕೋವಿಡ್‌ನಿಂದ ಎಷ್ಟು ಜನ ಸತ್ತರು ಎಂದು ಹೇಗೆ ಹೇಳುವುದು? ಸಂಶೋಧಕರು ಬೇರೆ ದಾರಿ ಹಿಡಿದರು. ಸಾಮಾನ್ಯ ವರ್ಷದಲ್ಲಿ ಎಷ್ಟು ಸಾವು ಸಂಭವಿಸುತ್ತಿತ್ತು, ಈ ವರ್ಷ ಎಷ್ಟಾಯಿತು ಎಂದು ಕಳೆಯುವುದು. ಇದೇ ‘ಹೆಚ್ಚುವರಿ ಸಾವು’. ಸೋಂಕಿನಿಂದ ಸತ್ತವರ ಜೊತೆಗೆ, ಆಸ್ಪತ್ರೆ ತುಂಬಿದ್ದರಿಂದ ಬೇರೆ ಕಾಯಿಲೆಗೆ ಚಿಕಿತ್ಸೆ ಸಿಗದೆ ಸತ್ತವರೂ ಇದರಲ್ಲಿ ಬರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2022ರ ಮೇನಲ್ಲಿ ಪ್ರಕಟಿಸಿದ ಅಂದಾಜಿನಂತೆ 2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಸುಮಾರು 1.49 ಕೋಟಿ ಹೆಚ್ಚುವರಿ ಸಾವುಗಳಾದವು. ಭಾರತದ ಪಾಲು ಸುಮಾರು 47 ಲಕ್ಷ. ಅಧಿಕೃತ ಕೋವಿಡ್ ಸಾವಿನ ಸಂಖ್ಯೆ ಆಗ 4.8 ಲಕ್ಷದ ಆಸುಪಾಸಿನಲ್ಲಿತ್ತು. ಗಣಿತದ ಮಾದರಿ ಬಳಸಿದ ವಿಧಾನವೇ ಸರಿಯಲ್ಲ ಎಂದು ಭಾರತ ಸರ್ಕಾರ ಆಕ್ಷೇಪಿಸಿತು. ಆಮೇಲೆ, 2025ರ ಮೇನಲ್ಲಿ, ನಮ್ಮದೇ ನಾಗರಿಕ ನೋಂದಣಿ ವ್ಯವಸ್ಥೆಯ 2021ರ ವರದಿ ಹೊರಬಂತು. 2019ರಲ್ಲಿ 76 ಲಕ್ಷ, 2020ರಲ್ಲಿ 81 ಲಕ್ಷ ಇದ್ದ ನೋಂದಾಯಿತ ಸಾವುಗಳು 2021ರಲ್ಲಿ 1.02 ಕೋಟಿಗೆ ಏರಿದ್ದವು. ನೋಂದಣಿ ಸುಧಾರಿಸಿದ್ದೂ ಇದಕ್ಕೆ ಒಂದು ಕಾರಣ ಇರಬಹುದು. ಆದರೂ ಒಂದೇ ವರ್ಷದಲ್ಲಿ 20 ಲಕ್ಷಕ್ಕೂ ಮಿಕ್ಕಿದ ಏರಿಕೆಯನ್ನು ಬರೀ ಗುಮಾಸ್ತರ ಚುರುಕುತನ ಎಂದು ತಳ್ಳಿಹಾಕಲು ಆಗದು. ಆ ಏರಿಕೆಯೊಳಗೆ ಎಲ್ಲೋ ನಮ್ಮ ಕಾಕಾ ಕೂಡ ಇದ್ದಾರೆ ಎಂದುಕೊಂಡರೆ ನನಗೆ ಒಂದು ಬಗೆಯ ಸಮಾಧಾನ.

ಗೊತ್ತಾದದ್ದು ತಲುಪಲಿಲ್ಲ

ಎಣಿಸಿದರೆ ಸಾಲದು, ಎಣಿಸಿದ್ದು ಜನರಿಗೆ ತಲುಪಬೇಕು. ಇದಕ್ಕೆ ಪ್ಲಾಸ್ಮಾ ಚಿಕಿತ್ಸೆಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಎರಡನೇ ಅಲೆಯಲ್ಲಿ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿದ ‘ಬಿ ಪಾಸಿಟಿವ್ ಪ್ಲಾಸ್ಮಾ ತುರ್ತಾಗಿ ಬೇಕು’ ಎಂಬ ಸಂದೇಶಗಳನ್ನು ನೆನಪಿಸಿಕೊಳ್ಳಿ. ದಾನಿಗಳ ಪಟ್ಟಿ ಮಾಡಿದವರು, ರಾತ್ರಿಯಿಡೀ ಫೋನ್ ಹಚ್ಚಿದವರು ಬಹುಪಾಲು ನಮ್ಮ ವಯಸ್ಸಿನವರೇ. ಆದರೆ ಐಸಿಎಂಆರ್ 2020ರ ಏಪ್ರಿಲ್‌ನಿಂದ ಜುಲೈವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಇದೇ ಚಿಕಿತ್ಸೆಯ ಪ್ರಯೋಗ ನಡೆಸಿ ಮುಗಿಸಿತ್ತು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ಲಾಸ್ಮಾ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸಿದರು. ರೋಗ ಉಲ್ಬಣಿಸಿದವರು ಅಥವಾ ಸತ್ತವರು ಪ್ಲಾಸ್ಮಾ ಪಡೆದವರಲ್ಲಿ ಶೇ 19, ಪಡೆಯದವರಲ್ಲಿ ಶೇ 18. ಅಂದರೆ ಪ್ರಯೋಜನ ಕಾಣಲಿಲ್ಲ. ಈ ಫಲಿತಾಂಶ 2020ರ ಅಕ್ಟೋಬರ್‌ನಲ್ಲೇ ಬಿಎಂಜೆ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಚಿಕಿತ್ಸೆಯ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ 17ರಂದು. ನಡುವಿನ ಏಳು ತಿಂಗಳಲ್ಲಿ ಎಷ್ಟು ಕುಟುಂಬಗಳು ಊರೂರು ಅಲೆದಿರಬೇಡ! ಉತ್ತರ ನಮ್ಮ ದೇಶದಲ್ಲೇ, ನಮ್ಮ ವೈದ್ಯರ ಕೈಯಲ್ಲೇ ಸಿಕ್ಕಿತ್ತು. ಅದನ್ನು ನಮ್ಮ ಭಾಷೆಗಳಲ್ಲಿ ಹೇಳುವವರು ಸಾಲದಾದರು.

ಇದಕ್ಕೆ ಎದುರಾದ ಉದಾಹರಣೆ ಬ್ರಿಟನ್ನಿನ ‘ರಿಕವರಿ’ ಪ್ರಯೋಗ. ಹಳೆಯ, ಅಗ್ಗದ ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್, ವೆಂಟಿಲೇಟರ್‌ನಲ್ಲಿದ್ದ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂದು ಅದು 2020ರ ಜೂನ್‌ನಲ್ಲಿ ತೋರಿಸಿಕೊಟ್ಟಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಇದರಿಂದ ಲಾಭವಿಲ್ಲ ಎಂಬುದೂ ಅದೇ ಪ್ರಯೋಗದ ಮಾತು. ಸುದ್ದಿಯ ಮೊದಲರ್ಧ ಊರೆಲ್ಲ ಹಬ್ಬಿತು, ಉಳಿದರ್ಧ ಹಬ್ಬಲಿಲ್ಲ. ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಹೆಚ್ಚಿದಾಗ ವೈದ್ಯರು ಬೊಟ್ಟು ಮಾಡಿದ್ದು ಹತೋಟಿಯಲ್ಲಿರದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್‌ನ ಮಿತಿಮೀರಿದ ಬಳಕೆಯತ್ತ.

ಹಸಿವನ್ನು ಎಣಿಸಿದವರು

ಲಾಕ್‌ಡೌನ್ ಶುರುವಾದ ಕೆಲವೇ ದಿನಗಳಲ್ಲಿ ‘ಸ್ವಾನ್’ ಎಂಬ ಸ್ವಯಂಸೇವಕರ ಜಾಲ ಕಾರ್ಮಿಕರ ಕರೆಗಳನ್ನು ಸ್ವೀಕರಿಸತೊಡಗಿತು. ಮೊದಲ ಕೆಲಸ ಅಕ್ಕಿ, ಬೇಳೆ, ಹಣ ತಲುಪಿಸುವುದು. ಅದರ ಜೊತೆಗೇ ಅವರು ಪ್ರತಿ ಕರೆಯನ್ನೂ ಬರೆದಿಟ್ಟುಕೊಂಡರು. ಎಷ್ಟು ದಿನದ ರೇಷನ್ ಉಳಿದಿದೆ? ಮಾಲೀಕರು ಕೂಲಿ ಕೊಟ್ಟರೇ? 2020ರ ಏಪ್ರಿಲ್ ಮಧ್ಯದ ಹೊತ್ತಿಗೆ 11,159 ಕಾರ್ಮಿಕರ ಮಾಹಿತಿ ಸೇರಿತ್ತು. ಅವರಲ್ಲಿ ಶೇ 96ರಷ್ಟು ಮಂದಿಗೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ, ಶೇ 89ರಷ್ಟು ಮಂದಿಗೆ ಲಾಕ್‌ಡೌನ್ ಅವಧಿಯ ಕೂಲಿ ಸಿಕ್ಕಿರಲಿಲ್ಲ. ಕಷ್ಟದಲ್ಲಿದ್ದವರೇ ಕರೆ ಮಾಡಿದ್ದರಿಂದ ಇದು ಎಲ್ಲ ಕಾರ್ಮಿಕರ ಚಿತ್ರವಲ್ಲ. ಆದರೆ ಹಸಿವು ಎಲ್ಲಿದೆ ಎಂದು ತೋರಿಸಲು ಅಷ್ಟು ಸಾಕಾಗಿತ್ತು.

ಇನ್ನೊಂದು ಸಣ್ಣ ತಂಡ ದಿನಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕುಳಿತಿತು. ಹಸಿವು, ನಡೆದ ಬಳಲಿಕೆ, ಅಪಘಾತ, ಚಿಕಿತ್ಸೆಯ ಕೊರತೆ, ಆತ್ಮಹತ್ಯೆ – ಹೀಗೆ ವೈರಾಣುವಿನಿಂದಲ್ಲ, ಲಾಕ್‌ಡೌನ್‌ನಿಂದಾದ ಸಾವುಗಳ ವರದಿಗಳನ್ನು ಒಂದೊಂದಾಗಿ ಸೇರಿಸಿ 900ಕ್ಕೂ ಹೆಚ್ಚು ಸಾವುಗಳ ಪಟ್ಟಿ ಮಾಡಿತು. ಔರಂಗಾಬಾದ್ ಬಳಿ ಹಳಿಯ ಮೇಲೆ ಮಲಗಿದ್ದ 16 ಕಾರ್ಮಿಕರ ಸಾವು ನಮಗೆಲ್ಲ ನೆನಪಿದೆ. ಉಳಿದವು ಒಳಪುಟದ ಎರಡು ಸಾಲಿನ ಸುದ್ದಿಗಳು. 2020ರ ಸೆಪ್ಟೆಂಬರ್‌ನಲ್ಲಿ, ವಲಸೆ ಕಾರ್ಮಿಕರು ಎಷ್ಟು ಮಂದಿ ಸತ್ತರು, ಅವರ ಕುಟುಂಬಕ್ಕೆ ಪರಿಹಾರ ಕೊಟ್ಟಿದ್ದೀರಾ ಎಂದು ಲೋಕಸಭೆಯಲ್ಲಿ ಪ್ರಶ್ನೆ ಬಂತು. ಅಂಥ ಅಂಕಿಅಂಶ ಇಟ್ಟಿಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂಬ ಅರ್ಥದ ಉತ್ತರ ಕಾರ್ಮಿಕ ಸಚಿವಾಲಯದಿಂದ ದೊರೆಯಿತು. ಎಣಿಕೆ ಎಂಬುದು ಪುಸ್ತಕದ ವಿಷಯವಲ್ಲ, ಅನ್ನದ ವಿಷಯ ಎಂದು ನನಗೆ ಅರ್ಥವಾದದ್ದು ಈ ಉತ್ತರ ಓದಿದ ಮೇಲೆ.

ನನ್ನ ಕಿರುಪ್ರಬಂಧಕ್ಕಾಗಿ ಊರಿನಲ್ಲಿ ಮನೆಮನೆಗೆ ಹೋದಾಗ, ಸಿದ್ಧ ಪ್ರಶ್ನಾವಳಿಯ ಜೊತೆಗೆ ನಮ್ಮೂರ ಮಾತಿನ ಪ್ರಶ್ನೆಗಳನ್ನೂ ಇಟ್ಟುಕೊಂಡಿದ್ದೆ. ‘ಲಾಕ್‌ಡೌನ್‌ನಾಗ ಆದಾಯ ಎಷ್ಟು ಕಡಿಮಿ ಆತು, ದೊಡ್ಡವ್ವಾ?’ ಎಂದರೆ, ‘ಇದ್ದರ ತಾನ ಕಡಿಮಿ ಆಗೋದು, ಯವ್ವಾ?’ ಎಂದು ನಗುತ್ತಿದ್ದರು. ‘ದಿನಕ್ಕ ಎಷ್ಟು ಸಲ ಒಲಿ ಹಚ್ಚತಿದ್ರಿ?’ ಎಂದರೆ ನಗು ನಿಲ್ಲುತ್ತಿತ್ತು. ‘ಮುಂಜಾನಿ ಒಮ್ಮೆ. ರಾತ್ರಿ ಹುಡುಗರಿಗಷ್ಟ ರೊಟ್ಟಿ.’ ಏನು ಅಡ ಇಟ್ಟಿರಿ ಎಂದು ಕೇಳಿದರೆ ಬೋಳು ಕಿವಿ ಮುಟ್ಟಿ ತೋರಿಸುತ್ತಿದ್ದರು. ಅವರನ್ನು ಆ ದಿನಗಳಲ್ಲಿ ಕಾದದ್ದು ಉದ್ಯೋಗ ಖಾತ್ರಿ. ದೇಶದಲ್ಲಿ 2019–20ರಲ್ಲಿ 265 ಕೋಟಿ ಇದ್ದ ಮಾನವ ದಿನಗಳು 2020–21ರಲ್ಲಿ 389 ಕೋಟಿಗೆ ಏರಿದವು. ಕೆರೆ ಹೂಳೆತ್ತಿದ, ಬದು ಹಾಕಿದ ಪ್ರತಿ ದಿನವೂ ಎನ್‌ಎಂಆರ್‌ನಲ್ಲಿ ದಾಖಲಾಗಿದ್ದರಿಂದಲೇ ಈ ಲೆಕ್ಕ ಇಂದು ನಮಗೆ ಸಿಗುತ್ತಿದೆ.

ಮರೆತ ಅಕ್ಷರ, ಸಿಗದ ಕೆಲಸ

ಶಾಲೆ ಮುಚ್ಚಿದ್ದರ ನಷ್ಟವನ್ನೂ ಅಳೆದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಅಧ್ಯಯನ ಮಾಡಿತು. 2ರಿಂದ 6ನೇ ತರಗತಿಯ ಮಕ್ಕಳಲ್ಲಿ ಶೇ 92ರಷ್ಟು ಮಂದಿ ಹಿಂದಿನ ವರ್ಷ ಗೊತ್ತಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಮರೆತಿದ್ದರು. ಗಣಿತದಲ್ಲಿ ಈ ಪ್ರಮಾಣ ಶೇ 82. ಹೊಸದು ಕಲಿಯದಿರುವುದು ಒಂದು, ಕಲಿತದ್ದೇ ಕೈಬಿಟ್ಟು ಹೋಗುವುದು ಇನ್ನೊಂದು. ಆ ಮಕ್ಕಳಲ್ಲಿ ದೊಡ್ಡವರು ಇಂದು ಪಿಯು ಮೆಟ್ಟಿಲು ಹತ್ತುವ ವಯಸ್ಸಿಗೆ ಬಂದಿದ್ದಾರೆ.

ಕೆಲಸ ಹುಡುಕುವ ನಮ್ಮ ಲೆಕ್ಕವೂ ಸರ್ಕಾರದ ಕಡತದಲ್ಲಿದೆ. ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಂತೆ 2020ರ ಏಪ್ರಿಲ್–ಜೂನ್‌ನಲ್ಲಿ ನಗರ ಪ್ರದೇಶದ 15ರಿಂದ 29 ವರ್ಷದವರಲ್ಲಿ ನಿರುದ್ಯೋಗ ಪ್ರಮಾಣ ಶೇ 34.7. ಮೂವರಲ್ಲಿ ಒಬ್ಬರಿಗೆ ಕೆಲಸವಿಲ್ಲ. ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಹೆಚ್ಚಿದವು, ಯುವಜನರು ಮತ್ತು ಮಹಿಳೆಯರಿಗೆ ಹೆಚ್ಚು ಪೆಟ್ಟು ಬಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆಗ ಕೋಣೆಯ ಬಾಗಿಲು ಹಾಕಿಕೊಂಡು, ‘ನನ್ನಿಂದ ಏನೂ ಆಗಲ್ಲ’ ಎಂದುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅದು ನಿಮ್ಮ ಸೋಮಾರಿತನವಾಗಿರಲಿಲ್ಲ, ಗೆಳೆಯರೇ. ನೀವು ಒಬ್ಬರೇ ಆಗಿರಲಿಲ್ಲ ಎಂಬುದಕ್ಕೆ ಅಂಕಿಅಂಶ ಇದೆ.

ತಿಳಿಯಾದ ಆಕಾಶ, ತುಂಬಿದ ಚೀಲ

ಪಂಜಾಬಿನ ಜಲಂಧರದ ಮಾಳಿಗೆಗಳಿಂದ ಹಿಮದ ಬೆಟ್ಟಗಳು ಕಂಡ ಚಿತ್ರಗಳನ್ನು ನಾವೂ ಸ್ಟೇಟಸ್ ಹಾಕಿಕೊಂಡಿದ್ದೆವು. ‘ಪ್ರಕೃತಿ ಗಾಯ ಮಾಯಿಸಿಕೊಳ್ಳುತ್ತಿದೆ’ ಎಂಬ ಮಾತು ಹಿತವಾಗಿತ್ತು. ಎಣಿಸಿದವರು ಹೇಳಿದ್ದು ಬೇರೆ. 2020ರ ಏಪ್ರಿಲ್ ಮೊದಲ ವಾರದಲ್ಲಿ ಜಗತ್ತಿನ ದಿನದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2019ರ ಸರಾಸರಿಗಿಂತ ಶೇ 17ರಷ್ಟು ಇಳಿದಿತ್ತು. ಆದರೆ ಇಡೀ ವರ್ಷಕ್ಕೆ ಲೆಕ್ಕ ಹಾಕಿದರೆ ಇಳಿಕೆ ಶೇ 5ರ ಆಸುಪಾಸು. 2021ರಲ್ಲಿ ಅದು ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೆ ಮರಳಿತು. ಅಷ್ಟೇ ಅಲ್ಲ, ವಾತಾವರಣದಲ್ಲಿ ಈ ಅನಿಲದ ಸಾಂದ್ರತೆ 2020ರಲ್ಲೂ ಏರಿತು. ತುಂಬುತ್ತಿರುವ ಕೊಡಕ್ಕೆ ನಲ್ಲಿಯನ್ನು ತುಸು ತಿರುಗಿಸಿ ಸಣ್ಣಗೆ ಮಾಡಿದರೆ ನೀರಿನ ಮಟ್ಟ ಇಳಿಯುವುದಿಲ್ಲವಲ್ಲ!

ಅದೇ ಹೊತ್ತಿಗೆ ಇನ್ನೊಂದು ಕಡೆ ಹಳದಿ ಚೀಲಗಳು ತುಂಬುತ್ತಿದ್ದವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಂತೆ 2020ರ ಜೂನ್‌ನಿಂದ ಡಿಸೆಂಬರ್‌ವರೆಗಿನ ಏಳು ತಿಂಗಳಲ್ಲಿ ದೇಶದಲ್ಲಿ ಸುಮಾರು 33 ಸಾವಿರ ಟನ್ ಕೋವಿಡ್ ಜೈವಿಕ ವೈದ್ಯಕೀಯ ತ್ಯಾಜ್ಯ ಉತ್ಪತ್ತಿಯಾಯಿತು. ಇದು ಆಸ್ಪತ್ರೆ, ಆರೈಕೆ ಕೇಂದ್ರಗಳಿಂದ ಬಂದು ತೂಕಕ್ಕೆ ಸಿಕ್ಕಿದ್ದು. ರಸ್ತೆ ಬದಿಯಲ್ಲಿ ಬಿದ್ದ ಮಾಸ್ಕುಗಳನ್ನು ಬರಿಗೈಯಲ್ಲಿ ಎತ್ತಿದ ಪೌರಕಾರ್ಮಿಕರ ಲೆಕ್ಕ ಈ ಟನ್ನುಗಳಲ್ಲಿ ಇಲ್ಲ.

ನಮ್ಮ ಕೈಲಿರುವ ಕೆಲಸ

ಸಂಶೋಧನೆ ಎಂದರೆ ಪಿಎಚ್.ಡಿ. ಮಾಡಿದವರ ಸ್ವತ್ತು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಸ್ವಾನ್‌ನವರು ಫೋನ್ ಎತ್ತಿದರು, ಪಟ್ಟಿ ಮಾಡಿದವರು ಪತ್ರಿಕೆ ಓದಿದರು. ‘ಕೋವಿಡ್19ಇಂಡಿಯಾ’ ಎಂಬ ತಾಣದಲ್ಲಿ ಸ್ವಯಂಸೇವಕರು ರಾಜ್ಯಗಳ ಬುಲೆಟಿನ್‌ಗಳನ್ನು ಸೇರಿಸಿ, 2021ರ ಅಕ್ಟೋಬರ್ ಕೊನೆಯವರೆಗೂ ಇಡೀ ದೇಶಕ್ಕೆ ದಿನದ ಲೆಕ್ಕ ಕೊಟ್ಟರು. ಅದಕ್ಕೆ ಬೇಕಾದದ್ದು ಶಿಸ್ತು, ತಾಳ್ಮೆ ಮತ್ತು ಒಂದು ಸ್ಪ್ರೆಡ್‌ಶೀಟ್.

ಕಾರ್ಮಿಕ ಬಲ ಸಮೀಕ್ಷೆಯ ದತ್ತಾಂಶ, ನಾಗರಿಕ ನೋಂದಣಿ ವರದಿಗಳು ಉಚಿತವಾಗಿ ಸಿಗುತ್ತವೆ. ಕೆಎಎಸ್‌ಗೋ ಪಿಡಿಒ ಹುದ್ದೆಗೋ ಓದುತ್ತಿರುವವರು ಇವನ್ನು ಪ್ರಬಂಧ ಪತ್ರಿಕೆಗೆಂದು ಬಾಯಿಪಾಠ ಮಾಡುವ ಬದಲು ಒಮ್ಮೆ ತೆರೆದು ನೋಡಿ. ಪದವಿಯ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರು ಹಳೆಯ ಪ್ರತಿಯನ್ನು ಜೆರಾಕ್ಸ್ ಮಾಡಿಸುವ ಬದಲು ನಿಮ್ಮ ಓಣಿಯನ್ನೇ ನೋಡಿ. 2020ರಲ್ಲಿ ಊರಿಗೆ ಮರಳಿದವರಲ್ಲಿ ಎಷ್ಟು ಮಂದಿ ಮತ್ತೆ ಗುಳೆ ಹೋದರು? ಶಾಲೆ ಬಿಟ್ಟ ಹುಡುಗಿಯರಲ್ಲಿ ಎಷ್ಟು ಮಂದಿ ಮರಳಿ ಬಂದರು? ಅಡ ಇಟ್ಟ ಬಂಗಾರ ಬಿಡಿಸಿಕೊಂಡರೇ? ಕೇಳುವ ಮೊದಲು ಒಪ್ಪಿಗೆ ಪಡೆಯಿರಿ, ಹೆಸರು ಬಯಲು ಮಾಡಬೇಡಿ, ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಮುಗಿದ ಮೇಲೆ ಅದನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ.

ಮುಂದೊಂದು ದಿನ ಇನ್ನೊಂದು ಸಾಂಕ್ರಾಮಿಕವೋ ಬರಗಾಲವೋ ಬಂದಾಗ, ನಿಮ್ಮೂರಿನ ಬಗ್ಗೆ ಯಾರಾದರೂ ‘ಅಂಕಿಅಂಶ ಇಲ್ಲ’ ಎಂದರೆ, ‘ಇಲ್ಲಿದೆ ನೋಡಿ’ ಎಂದು ಮುಂದಿಡುವಷ್ಟಾದರೂ ನಮ್ಮ ಬಳಿ ಇರಲಿ.